ನೂರು ಖಡಕ್ ರೊಟ್ಟಿ

ಜೋರ್ಹಾಟ್, ಅಸ್ಸಾಂ

ಇಳಕಲ್ಲಿನ ಅತ್ತೆಯವರಿಗೆ ಸೊಸೆ ರೋಹಿಣಿಯ ನಮಸ್ಕಾರ.

ನಾಲ್ಕು ದಿನ ರೈಲಿನಲ್ಲಿ ಕೂತು, ನಿಮ್ಮ ಮಗನಿಗೆ ವರ್ಗವಾದ ಈ ಊರು ಮುಟ್ಟಿ ವಾರವಾಯಿತು. ಹೊರಡುವಾಗ ನೀವು ನೂರು ಖಡಕ್ ರೊಟ್ಟಿ ಕಟ್ಟಿಕೊಟ್ಟು, "ಇವು ತೀರೂತನಕ ಇದ್ದು ನೋಡು. ಹುಡುಗ್ರಿಗೆ ಒಗ್ಗಲಿಲ್ಲಂದ್ರ ಕರಕೊಂಡು ಬಂದುಬಿಡು" ಅಂದಿದ್ದಿರಿ. ತಿಂಗಳು ಬಾಳುತ್ತವೆ ಎಂದು ನಾನೂ ಎಣಿಸಿದ್ದೆ. ಆದರೆ ಇಲ್ಲಿಯ ಗಾಳಿಯಲ್ಲೇ ನೀರಿದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಮೊನ್ನೆ ಗಂಟು ಬಿಚ್ಚಿದಾಗ ನಿಮ್ಮ ಮೊಮ್ಮಗ ಕಲ್ಲೇಶ ಒಂದು ರೊಟ್ಟಿಯನ್ನು ಚಾಪೆಯಂತೆ ಸುರುಳಿ ಸುತ್ತಿ, "ಅವ್ವಾ, ಇದು ಮುರೀವಲ್ದು!" ಎಂದು ಕುಣಿದಾಡಿದ. ಉಳಿದವುಗಳಿಗೆಲ್ಲ ಬೂಷ್ಟು ಹಿಡಿದಿತ್ತು. ನಿಮ್ಮ ಕೈಯ ರೊಟ್ಟಿ ಎಸೆಯುವಾಗ ಅತ್ತುಬಿಟ್ಟೆ.

ರೈಲಿನಲ್ಲಿ ಸಣ್ಣ ಮಗಳಿಗೆ ಬಂದಿದ್ದ ಜ್ವರ ಇಳಿದಿದೆ. ಕಲ್ಲೇಶನ ಹೆಸರನ್ನು ಶಾಲೆಗೆ ಹಚ್ಚಿ ಬಂದೆ.

ರೊಟ್ಟಿ ತೀರಿದವು, ಅತ್ತೆಯವರೇ. ನಾವು ಬರುವುದಿಲ್ಲ. ನಿಮಗೆ ಹೇಳದೆ ಹಾಸಿಗೆಯೊಳಗೆ ರೊಟ್ಟಿ ಸುಡುವ ಹಂಚು ಸುತ್ತಿಕೊಂಡು ಬಂದಿದ್ದೇನೆ. ಓಣಿಯ ತುದಿಗೆ ಹಿಟ್ಟಿನ ಗಿರಣಿಯೂ ಇದೆ. ಕಾರ್ಡು ತುಂಬಿತು. ಇನ್ನು ರೊಟ್ಟಿ ಕಳಿಸಬೇಡಿರಿ. ಜೋಳ ಕಳಿಸಿರಿ, ವರ್ಷಕ್ಕಾಗುವಷ್ಟು.