ಕರಗುವ ಪ್ಲೇಟು

ಅಕ್ಕಾ,

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಬಿಟ್ಟುಹೋದ ಲ್ಯಾಬಿನಲ್ಲಿ ನಾನಿನ್ನೂ ಪ್ಲೇಟು ಉಜ್ಜಿ ತೊಳೆಯುತ್ತಿದ್ದೇನೆ. ಮುರಿದ ಮೂಳೆ ಕೂಡುವವರೆಗೆ ಹಿಡಿದಿದ್ದು, ಆಮೇಲೆ ಮೈಯೊಳಗೇ ಕರಗಬೇಕಾದ ಅದೇ ಮೆಗ್ನೀಸಿಯಂ ಪ್ಲೇಟು.

ನಿನ್ನ ಪ್ಲೇಟು ಪರೀಕ್ಷೆಯಲ್ಲಿ ಬೇಗನೆ ತೂತುಬಿದ್ದು ಕರಗಿದಾಗ ನನ್ನನ್ನು ಮೂಲೆಗೆ ಕರೆದು ಏನಂದೆ, ನೆನಪಿದೆಯಾ? "ಸ್ಪಿರಿಟ್ ಬದಲು ನೀರಲ್ಲಿ ತೊಳೆದುಬಿಟ್ಟೆ ಅಂತ ಮೇಡಂ ಹತ್ರ ಹೇಳು. ಸ್ಕೂಲ್ ಬಿಟ್ಟವಳು, ನಿನಗೇನು ಹೋಗುತ್ತೆ?"

ನಾನು ಹೇಳಲಿಲ್ಲ. ನೀರು ತಾಗಿದರೆ ಆ ಲೋಹ ಸವೆಯುತ್ತೆ ಅಂತ ನನಗೂ ಗೊತ್ತು; ಸ್ಪಿರಿಟಲ್ಲೇ ತೊಳೆದಿದ್ದೆ, ಹಾಗಂತಲೇ ಹೇಳಿದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ನಾಳೆ ಯಾರದೋ ಕಾಲಿನೊಳಗೆ ಕೂರುವ ಪ್ಲೇಟು ಕಣೇ ಅದು. ಅಷ್ಟಕ್ಕೇ ನೀನು ಕೆಲಸ ಬಿಟ್ಟೆ, ಊರು ಬಿಟ್ಟೆ, ನನ್ನ ನಂಬರನ್ನೂ ಬ್ಲಾಕ್ ಮಾಡಿದೆ. ಅಷ್ಟೆಲ್ಲ ಓದಿದವಳಿಗೆ ಒಂದು ಸಲ ಸೋಲೋಕೆ ಬರಲಿಲ್ಲ.

ಇವತ್ತು ಪರೀಕ್ಷೆಗೆ ಪ್ಲೇಟು ಕೂರಿಸಿದ್ದ ಕುರಿಯ ಕಾಲಿನ ಎಕ್ಸ್-ರೇ ಬಂತು. ನಿನ್ನದೇ ಪ್ಲೇಟು, ಅದರಲ್ಲಿ ಬೆರೆಸುವ ಮೂಳೆಯ ಖನಿಜದ ಪುಡಿಯ ಪಾಲನ್ನಷ್ಟೇ ಬದಲಾಯಿಸಿದ್ದರು. ಮೂಳೆ ಚೆನ್ನಾಗಿ ಕೂಡಿದೆ, ಪ್ಲೇಟು ತೆಳ್ಳಗೆ ನೆರಳಿನ ಹಾಗೆ ಕಾಣುತ್ತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಇನ್ನೊಂದು ಸಲ ಮಾಡಿ ನೋಡೋಣ ಅಂತ ನೀನು ಅಂದಿದ್ದರೆ ಆ ಚಪ್ಪಾಳೆ ನಿನ್ನದಾಗುತ್ತಿತ್ತು.

ಆಮೇಲೆ ಮೇಡಂ ನನ್ನ ಹತ್ತಿರ ಬಂದರು. "ಅಕ್ಕನಿಗೆ ಹೇಳಿದೆಯೇನೇ?"

"ಹೇಳಿದೆ ಮೇಡಂ."

"ಏನಂದಳು?"

"ತುಂಬಾ ಖುಷಿಪಟ್ಟಳು," ಅಂದು ಮುಂದಿನ ಪ್ಲೇಟು ಎತ್ತಿಕೊಂಡೆ.