ನೀರು ಮೇಲಕ್ಕೆ ಹರಿಯುವ ಬೀದಿಯಿಂದ

ರಸ್ತೆ ನಿರ್ವಹಣೆಯ ಮುಖ್ಯಾಧಿಕಾರಿಗಳೇ,

ನೀವು ಉಪ್ಪು ಹಾಕದ ರಸ್ತೆಯಲ್ಲಿ ಕಾರು ಜಾರಿ ನನ್ನ ಹೆಂಡತಿ ನೇತ್ರಾಳ ಬಲಗೈ ಮಣಿಕಟ್ಟು ಮುರಿಯಿತು. ಆ ತಪ್ಪನ್ನು ನಿಮ್ಮ ಕಚೇರಿ ನನ್ನ ವಯಸ್ಸಾದ ತಾಯಿಯ ತಲೆಗೆ ಕಟ್ಟಿದೆ. ಮಾನ್ಯರೇ ಎಂದು ಶುರು ಮಾಡುವುದು ವಾಡಿಕೆ, ಈ ಸಲ ಮನಸ್ಸು ಬರಲಿಲ್ಲ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದೇಕೆಂದರೆ, ಇಂಗ್ಲಿಷಿನಲ್ಲಿ ಬರೆದದ್ದನ್ನು ನೀವು ಓದಿದ ಲಕ್ಷಣ ಕಾಣಲಿಲ್ಲ.

ಲಂಡನ್ನಿನ ಈ ಸ್ಟ್ಯಾನ್ಮೋರ್‌ನಲ್ಲಿ ನಮ್ಮದು ಇಳಿಜಾರಿನ ಬೀದಿ. ಮೇಲ್ಗಡೆ ಕಡಿದಾದ ತಿರುವು, ಕೆಳತುದಿಯಲ್ಲಿ ನಮ್ಮ ಮನೆ. ತಿರುವಿನಲ್ಲಿ ನಿಮ್ಮ ಹಳದಿ ಪೆಟ್ಟಿಗೆಯೊಂದಿದೆ, ಚಳಿಗಾಲದಲ್ಲಿ ಮಂಜುಗಡ್ಡೆ ಕರಗಲೆಂದು ರಸ್ತೆಗೆ ಎರಚುವ ಉಪ್ಪು ತುಂಬಿಡಲು. ಅದರಲ್ಲಿ ಚಿಪ್ಸ್ ಪೊಟ್ಟಣಗಳೂ ಯಾರದೋ ಒಂಟಿ ಕೈಗವಸೂ ಇವೆ. ಉಪ್ಪು ತುಂಬಿಸಿ ಎಂದು ಎಲೆ ಉದುರುವ ಕಾಲದಿಂದಲೂ ಕೇಳುತ್ತಲೇ ಬಂದೆವು. ನೀವು ಕಳಿಸಿದ್ದು ಹಿಮದಲ್ಲಿ ಸುರಕ್ಷಿತವಾಗಿ ಕಾರು ಓಡಿಸುವುದು ಹೇಗೆಂಬ ಬಣ್ಣದ ಕರಪತ್ರ.

ಕರಪತ್ರ ಚೆನ್ನಾಗಿಯೇ ಇದೆ. ಗಾಜಿನ ಮೇಲಿನ ಹಿಮ ಪೂರ್ತಿ ತೆಗೆಯಿರಿ, ಕೆಳಗಿನ ಗೇರಿನಲ್ಲಿ ನಿಧಾನ ಇಳಿಯಿರಿ, ಬ್ರೇಕ್ ಗಟ್ಟಿಯಾಗಿ ತುಳಿಯಬೇಡಿ, ಅನಿವಾರ್ಯವಲ್ಲದಿದ್ದರೆ ಹೊರಗೇ ಹೋಗಬೇಡಿ. ನೇತ್ರಾ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಆಪರೇಷನ್ನಿಗೆ ಮಲಗಿದವರಿಗೆ ಹಿಮ ಕರಗಿದ ಮೇಲೆ ಬನ್ನಿ ಎಂದು ಹೇಳಬೇಕಿತ್ತೇ? ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬರುವಾಗ ಅವಳು ನಿಮ್ಮ ಕರಪತ್ರದ ಒಂದಕ್ಷರವನ್ನೂ ಮೀರಲಿಲ್ಲ. ಆದರೂ ಮೇಲಿನ ತಿರುವಿನಲ್ಲೇ ಚಕ್ರಗಳು ಅವಳ ಮಾತು ಕೇಳದಾದವು. ಕಾರು ಜಾರುತ್ತಾ ಬಂದು ಬೀದಿಯ ನಡುಭಾಗದ ದೀಪದ ಕಂಬಕ್ಕೆ ಬಡಿಯಿತು.

ಇನ್ನು ನಿಮ್ಮ ಮಹಾ ಸಂಶೋಧನೆಗೆ ಬರೋಣ. ನನ್ನ ತಾಯಿ ಶಿವಕ್ಕ ಕಳೆದ ದೀಪಾವಳಿಗೆ ಧಾರವಾಡದಿಂದ ನಮ್ಮ ಜೊತೆಗಿರಲು ಬಂದವರು. ಎದ್ದ ಕೂಡಲೇ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡದೆ ಅವರು ಚಹಾ ಮುಟ್ಟುವುದಿಲ್ಲ. ಅಲ್ಲಿ ಹಾಕಿದ ನೀರು ಚಹಾ ಕುದಿಯುವಷ್ಟರಲ್ಲಿ ಆರುತ್ತದೆ, ಇಲ್ಲಿ ಹೆಪ್ಪುಗಟ್ಟುತ್ತದೆ. ಅವರಿಗೆ ಗೊತ್ತಿರಲಿಲ್ಲ, ಹೇಳಬೇಕೆಂದು ನಮಗೂ ಹೊಳೆಯಲಿಲ್ಲ. ಅಂದು ನಮ್ಮ ಮೆಟ್ಟಿಲು ಗಾಜಿನಂತಾಗಿತ್ತು, ನಿಜ. ಅಂಚೆಯವನು ಬೇಲಿ ಹಿಡಿದು ಬಚಾವಾದ, ಅದೂ ನಿಜ.

ಅಪಘಾತದ ತನಿಖೆಗೆಂದು ಬಂದ ನಿಮ್ಮ ಇನ್‌ಸ್ಪೆಕ್ಟರ್ ತಿರುವಿನವರೆಗೆ ಹತ್ತಲಿಲ್ಲ. ನಮ್ಮ ಮೆಟ್ಟಿಲಿನ ಫೋಟೋ ತೆಗೆದು, "ನಿಮ್ಮ ಮನೆಯ ನೀರೇ ಮಂಜುಗಡ್ಡೆಗೆ ಕಾರಣ," ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟರು. ಅವರೇನು ಹೇಳಿದರೆಂದು ತಾಯಿ ನನ್ನ ಮಗಳು ಅಂಕಿತಾಳನ್ನು ಕೇಳಿದರು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅಂದು ತಡವರಿಸುತ್ತಾ ಕನ್ನಡ ಹುಡುಕಿದಳು. "ಅಜ್ಜಿ, ನಿನ್ನ ವಾಟರ್‌ನಿಂದ ಆಕ್ಸಿಡೆಂಟ್ ಆಯ್ತು ಅಂತಾರೆ. ಬಟ್ ಇಟ್ಸ್ ರಬಿಶ್, ಅಜ್ಜಿ!" ತಾಯಿಗೆ ಅರ್ಥವಾದದ್ದು ಮೊದಲರ್ಧ ಮಾತ್ರ.

ಸ್ವಾಮಿ, ನಮ್ಮ ಮನೆ ಇರುವುದು ಕೆಳಗೆ, ಕಾರು ಜಾರಿದ್ದು ಮೇಲೆ. ಒಂದು ತಂಬಿಗೆ ನೀರು ಗೇಟು ದಾಟಿ, ಕಂಬ ದಾಟಿ, ದಿಬ್ಬ ಏರಿ ತಿರುವಿನಲ್ಲಿ ಹೋಗಿ ಕೂತಿತೇ? ಇಡೀ ಬೀದಿ ಬೆಳ್ಳಗೆ ಹೆಪ್ಪುಗಟ್ಟಿತ್ತಲ್ಲ, ಅಷ್ಟಕ್ಕೂ ನೀರು ಹಾಕಿದ್ದು ನನ್ನ ತಾಯಿಯೇ? ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುವುದು ನಮ್ಮ ಗಾದೆ. ಉಪ್ಪು ಹಾಕದವರು ನೀರು ಹಾಕಿದವರ ಮೇಲೆ ಗೂಬೆ ಕೂರಿಸುವುದು ನಿಮ್ಮ ಆಡಳಿತ.

ಮುರಿದ ಕೈ ಕೂಡುತ್ತದೆ. ನನ್ನ ಹೊಟ್ಟೆ ಉರಿಯುತ್ತಿರುವುದು ತಾಯಿಯನ್ನು ನೋಡಿ. ಸೊಸೆಗೆ ತುತ್ತು ಮಾಡಿ ಉಣಿಸುವಾಗ ಅವಳ ಮುರಿದ ಕೈಯತ್ತ ನೋಡುವುದಿಲ್ಲ. ಅವರು ಬಾಗಿಲಿಗೆ ನೀರು ಹಾಕುವುದನ್ನು ಬಿಟ್ಟಿದ್ದಾರೆ, ಊರಿಗೆ ಟಿಕೆಟ್ ತೆಗೆಸು ಎನ್ನುತ್ತಿದ್ದಾರೆ. "ಅತ್ತಿ, ಗಾಡಿ ಮ್ಯಾಲಿನ ತಿರುವಿನಾಗ ಜಾರಿತ್ರೀ. ನಿಮ್ಮ ನೀರು ಅಲ್ಲಿಗೆ ಹೆಂಗ ಬರತದ?" ಎಂದು ನೇತ್ರಾ ದಿನವೂ ಹೇಳುತ್ತಾಳೆ.

"ನನ್ನ ಸಮಾಧಾನಕ್ಕ ಅಂತೀಯವ್ವಾ ನೀ," ಎನ್ನುತ್ತಾರೆ ತಾಯಿ. "ಸರಕಾರದವ್ರು ಮನೀ ತನಕಾ ಬಂದು ನೋಡಿ ಹೇಳ್ಯಾರ. ಅವ್ರ್ಯಾಕ ಸುಳ್ಳು ಹೇಳ್ತಾರ?"

ಕೇಳಿಸಿತೇ? ಈ ಬೀದಿಯಲ್ಲಿ ನಿಮ್ಮ ಮಾತನ್ನು ಇನ್ನೂ ನಂಬುವವರು ಅವರೊಬ್ಬರೇ.

ಪೆಟ್ಟಿಗೆಗೆ ಉಪ್ಪು ತುಂಬಿಸಿ, ಅದು ನಿಮ್ಮ ಕೆಲಸ, ಅದಕ್ಕಾಗಿ ನಾನು ಕೈ ಮುಗಿಯುವುದಿಲ್ಲ. ನನ್ನ ಬೇಡಿಕೆ ಬೇರೆ. ನೀವೇ ಬನ್ನಿ. ನಿಮ್ಮ ಕಾರನ್ನು ತಿರುವಿನಲ್ಲಿ ನಿಲ್ಲಿಸಿ ನಡೆದುಕೊಂಡು ಇಳಿಯಿರಿ. ಬಾಗಿಲು ತಟ್ಟಿ ಶಿವಕ್ಕನವರ ಮುಖ ನೋಡಿ, "ಅಮ್ಮಾ, ತಪ್ಪು ನಿಮ್ಮದಲ್ಲ, ನಮ್ಮದು," ಎಂದು ಹೇಳಿ. ಅಂಕಿತಾ ಕನ್ನಡಕ್ಕೆ ತಿರುಗಿಸುತ್ತಾಳೆ, ಆ ವಾಕ್ಯವನ್ನು ಈಗಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದಾಳೆ. ನಾವು ಎಷ್ಟು ಹೇಳಿದರೂ ನಂಬದ ನನ್ನ ತಾಯಿ ನೀವು ಹೇಳಿದರೆ ನಂಬುತ್ತಾರೆ.

ಇಂತಿ,
ಹೆಂಡತಿಗೆ ಜಡೆ ಹೆಣೆಯಲು ಈ ವಯಸ್ಸಿನಲ್ಲಿ ಕಲಿಯುತ್ತಿರುವ
ಸಂಗಮೇಶ