ಹೊಗೆ ಸುರಂಗದ ಇಟ್ಟಿಗೆ

ನವೆಂಬರ್ 11, ಸೋಮವಾರ

ಇವತ್ತೂ ಹಂಚು ಉಜ್ಜುವುದೇ. ಪಾಚಿ ಹೋಗಬೇಕು, ಆದರೆ ಹಳೆಯದಾಗಿ ಕಾಣಬೇಕಂತೆ. ಪೂರ್ತಿ ಚಂದ ಮಾಡಿದರೆ ಬೈಗುಳ. ತಲೆ ಕೆಟ್ಟವರು. ಮಮ್ಮಿ ಇದೇ ಶೆಡ್ಡಿನಲ್ಲಿ ಹಸಿ ಹಂಚು ಹೊತ್ತು ಸೊಂಟ ಹಾಳು ಮಾಡಿಕೊಂಡವರು. ಆಗ ಪಾಚಿ ಹಿಡಿದ ಹಂಚಿಗೆ ಯಾರಾದರೂ ದುಡ್ಡು ಕೊಡುತ್ತಿದ್ದರಾ? ಈಗ ಅದನ್ನು ಕೆಫೆಯ ಗೋಡೆಗೆ ಅಂಟಿಸುತ್ತಾರೆ. ಗೋಡೆಗೆ! ಹಂಚು ಮಾಡಿಗೆ ಹಾಕುವುದಲ್ವಾ.

ಸಂತೆಕಟ್ಟೆಯಿಂದ ಒಳಗೆ ಬಂದರೆ ನಮ್ಮ ಹಂಚಿನ ಕಾರ್ಖಾನೆ... ನಮ್ಮ ಅಂತ ಬರೆದೆ. ನಮ್ಮದಲ್ಲ. ಮುಚ್ಚಿದಾಗ ನಾನು ಇನ್ನೂ ಅಂಗನವಾಡಿ. ಹೋದ ವರ್ಷ ಮಣಿಪಾಲದ ಒಬ್ಬ ಬಿಲ್ಡರ್ ತೆಗೆದುಕೊಂಡ. ದೊಡ್ಡ ಶೆಡ್ಡುಗಳನ್ನೆಲ್ಲ ಒಡೆದ. ಅಲ್ಲಿ ಫ್ಲ್ಯಾಟ್ ಏಳುತ್ತಾ ಉಂಟು. ಉಳಿಸಿದ್ದು ಈ ಒಂದು ಶೆಡ್, ಭಟ್ಟಿ, ಚಿಮ್ನಿ. ಅವು ಹೆರಿಟೇಜ್ ಅಂತೆ, ಅಲ್ಲೇ ಕೆಫೆ ಮಾಡುತ್ತಾರೆ. ಹಿಂದೆ ಕೆಲಸದವರ ಲೈನ್ ಮನೆಗಳಿವೆ, ನಾವು ಇರುವುದು ಅಲ್ಲಿ. ನಾವು ಹೆರಿಟೇಜ್ ಅಲ್ಲ. ತಕರಾರು ಮಾಡದೆ ಇದ್ದರೆ ಹಿಂದಿನ ಬ್ಲಾಕಿನಲ್ಲಿ ಒಂದೊಂದು ಮನೆ ಕೊಡುತ್ತಾರಂತೆ. ಬಾಯಿ ಮಾತು.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನನಗೇ ನಂಬಿಕೆ ಇಲ್ಲ. ದೊಡ್ಡವರಿಗೆ ಹೇಗೆ ಉಂಟೋ!

ನವೆಂಬರ್ 14

ಕ್ಲಾಯ್ಡಿಗೆ ಕೆಲಸ ಸಿಕ್ಕಿತು. ಇದೇ ಕೆಫೆಯಲ್ಲಿ ಸ್ಟೀವರ್ಡ್. ಅಣ್ಣ ಮಸ್ಕತ್ತಿನಿಂದ ಬಂದ ಮೇಲೆ ಹೀಗೆ ನಕ್ಕದ್ದು ನೋಡಿರಲಿಲ್ಲ.

ಚಿಮ್ನಿಯ ಬುಡದಲ್ಲಿ ಬಾಗಿಲು ಕೊರೆದಿದ್ದಾರೆ. ಒಳಗೆ ಒಂದು ದುಂಡು ಟೇಬಲ್. ಚಿಮ್ನಿ ಟೇಬಲ್ ಅಂತ ಹೆಸರು. ಅಲ್ಲಿ ಕೂತು ತಲೆ ಎತ್ತಿದರೆ ರೂಪಾಯಿಯಷ್ಟು ಆಕಾಶ ಕಾಣುತ್ತದೆ. ಅದಕ್ಕೆ ಬೇರೆ ರೇಟ್. ಆ ಟೇಬಲ್ ಕ್ಲಾಯ್ಡಿನದ್ದು.

ಡ್ಯಾಡಿ ಕೇಳಿದರು, ಮಳೆ ಬಂದರೆ ಎಂತ ಮಾಡುತ್ತಾರೆ? ಗಾಜು ಮುಚ್ಚುತ್ತಾರಂತೆ ಅಂದ. ಭಟ್ಟಿಗೆ ಬೆಂಕಿ ಹಾಕುತ್ತಿದ್ದವರು ಡ್ಯಾಡಿ. ಆ ಚಿಮ್ನಿಯಲ್ಲಿ ಊಟ ಮಾಡುವುದು ಅಂದರೆ ಅವರಿಗೆ ಹೇಗೆ ಕೇಳಿಸಿತೋ. ನನಗಂತೂ ಹೇಸಿಗೆ ಆಯಿತು.

ನವೆಂಬರ್ 24, ಆದಿತ್ಯವಾರ

ಇಗರ್ಜಿಯಿಂದ ಬಂದ ಕೂಡಲೇ ಜಗಳ.

ಕ್ಲಾಯ್ಡಿನ ಮದುವೆ ಜನವರಿ ಎಂಟಕ್ಕೆ. ಹುಡುಗಿ ಲೊರ್ನಾ, ಬೆಳ್ಮಣ್ಣಿನವಳು. ಏಳಕ್ಕೆ ರೋಸ್ ಶಾಸ್ತ್ರ. ತಲೆಗೆ ತೆಂಗಿನ ಹಾಲು ಸುರಿದು ಮೀಯಿಸುವಾಗ ಹಂಡೆ ಹಂಡೆ ಬಿಸಿನೀರು ಬೇಕು. ಲೈನಿನಲ್ಲಿ ಯಾರ ಮದುವೆ ಆದರೂ ಬಚ್ಚಲಿಗೆ ಹೊಸ ಒಲೆ ಕಟ್ಟುವುದು ಕ್ರಮ. ನಮ್ಮಲ್ಲೂ, ವಿನೋದಕ್ಕನಂಥ ಹಿಂದುಗಳ ಮನೆಯಲ್ಲೂ. ಕಾರ್ಖಾನೆ ಇದ್ದಾಗ ಭಟ್ಟಿ ರಿಪೇರಿಯಲ್ಲಿ ಉಳಿದ ಬೆಂಕಿ ಇಟ್ಟಿಗೆಯನ್ನು ಫೋರ್‌ಮನ್ ಮದುವೆಮನೆಗೆ ಕೊಡುತ್ತಿದ್ದನಂತೆ. ಉಡುಗೊರೆ. ಸಾಧಾರಣ ಇಟ್ಟಿಗೆ ವರ್ಷಕ್ಕೆ ಸೀಳುತ್ತದೆ, ಇದು ಮೊಮ್ಮಕ್ಕಳ ತನಕ ಬಾಳುತ್ತದೆ.

ಕಾರ್ಖಾನೆ ಮುಚ್ಚಿತು. ಮದುವೆಗಳು ನಿಲ್ಲಲಿಲ್ಲ. ಇಟ್ಟಿಗೆ ಎಲ್ಲಿಂದ? ಹೊಗೆ ಸುರಂಗದಿಂದ. ಭಟ್ಟಿಯ ಹೊಗೆ ನೆಲದಡಿಯಲ್ಲಿ ಚಿಮ್ನಿಗೆ ಹೋಗುವ ದಾರಿ ಅದು. ಪ್ರತಿ ಮದುವೆಗೂ ನೆರೆಯ ಗಂಡಸರು ಇಳಿದು ಒಂದು ಒಲೆಗೆ ಬೇಕಾದಷ್ಟು ಕಿತ್ತು ತರುತ್ತಾರೆ. ಯಾರೂ ಅದನ್ನು ಕದಿಯುವುದು ಅಂತ ಹೇಳಿದ್ದಿಲ್ಲ.

ಈಗ ಜಾಗ ಬೇರೆಯವರದ್ದು, ಬೇಡ, ಗ್ಯಾಸಿನಲ್ಲಿ ನೀರು ಕಾಯಿಸುವ ಅಂದೆ. ಡ್ಯಾಡಿಗೆ ಸಿಟ್ಟು. ಲೈನಿನ ಎಲ್ಲ ಮದುವೆಗೆ ಇಳಿದು ಕಿತ್ತು ಕೊಟ್ಟವರು ಅವರು, ಮಗನ ಮದುವೆಗೆ ಗ್ಯಾಸ್ ಅಂತೆ. ಇಟ್ಟಿಗೆ ಕಿತ್ತರೆ ಮೇಲಿನದ್ದು ಕುಸಿಯುವುದಿಲ್ಲವಾ ಕೇಳಿದೆ. ಅದು ಒಳಗಿನ ಪದರ, ಬೆಂಕಿ ತಡೆಯಲು ಇಟ್ಟದ್ದು, ಅದರ ಮೇಲೆ ಎಂತದ್ದೂ ನಿಂತಿಲ್ಲ ಅಂದರು.

ಡಿಸೆಂಬರ್ 8

ತಂದಾಯಿತು. ಮಧ್ಯಾಹ್ನ ಸೈಟಿನವರು ಊಟಕ್ಕೆ ಹೋದಾಗ ಡ್ಯಾಡಿ ಮತ್ತು ಪಕ್ಕದ ಮನೆಯ ಭೋಜಣ್ಣ ಇಳಿದರು. ಗೋಣಿಯಲ್ಲಿ ತಂದರು. ಕೆಂಪಲ್ಲ, ಹಳದಿ ಹಳದಿ ಇಟ್ಟಿಗೆ. ಭೋಜಣ್ಣ ಮೀಸೆಯಲ್ಲಿ ಮಸಿ ಹಿಡಿದುಕೊಂಡೇ ಕೂತು ಚಾ ಕುಡಿಯುತ್ತಾ ಡ್ಯಾಡಿಗೆ ಹೇಳಿದರು.

"ಪೊರ್ಬುಗಳೇ, ಈ ಸಲ ಸುಲಭದಲ್ಲಿ ಬಂತು. ಕೈ ಇಟ್ಟರೆ ಸಾಕು, ತಾನಾಗಿ ಬರ್ತದೆ."

ಎಲ್ಲರೂ ನಕ್ಕರು. ಡ್ಯಾಡಿ ನಗಲಿಲ್ಲ. ಕೈ ತೊಳೆಯುತ್ತಾ ಇದ್ದರು. ತುಂಬಾ ಹೊತ್ತು ತೊಳೆದರು.

ಡಿಸೆಂಬರ್ 9, ಸಂಜೆ

ನಾನೇ ಇಳಿದೆ.

ಭಟ್ಟಿಯ ಬದಿಗೆ ಮೊದಲಿಂದ ಬೀಗ. ಇಳಿಯಲು ಇರುವುದು ಒಂದೇ ಕಡೆ, ಮಸಿ ತೆಗೆಯಲು ಇಟ್ಟ ಮುಚ್ಚಳ. ಅದು ಚಿಮ್ನಿಯ ಬುಡದಲ್ಲೇ ಇರುವುದು. ಯಾರಿಗೆ ಬೇಕು ಬಗ್ಗಿಕೊಂಡು ದೂರ ಹೋಗಲಿಕ್ಕೆ? ಎಲ್ಲರೂ ಮುಚ್ಚಳದ ಹತ್ತಿರದಿಂದಲೇ ಕಿತ್ತಿದ್ದಾರೆ. ಹತ್ತಿರದ್ದು ಮುಗಿದ ಮೇಲೆ ಅದರ ಹಿಂದಿನದ್ದು. ಪ್ರತಿಯೊಬ್ಬರೂ ತಾವು ಕಿತ್ತದ್ದು ಒಂದೇ ಪದರ ಅಂದುಕೊಂಡಿದ್ದಾರೆ.

ಒಂದು ಪದರ ಅಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಕಮಾನಿನ ಒಂದು ಕಡೆ ಪೂರ್ತಿ ಖಾಲಿ. ಇಟ್ಟಿಗೆ ಇರಬೇಕಾದಲ್ಲಿ ಮಣ್ಣು. ಆ ಕಮಾನಿನ ಮೇಲೆ ಕೂತಿರುವುದು ಚಿಮ್ನಿ. ಹೈವೇಯಲ್ಲಿ ಲಾರಿ ಹೋದಾಗೆಲ್ಲ ಮಣ್ಣು ಸಣ್ಣಗೆ ಇಳಿಯುತ್ತದೆ. ಜರಡಿಯಿಂದ ಹಿಟ್ಟು ಇಳಿದ ಹಾಗೆ. ಸ್ವಲ್ಪ ನಿಲ್ಲುತ್ತದೆ. ಮತ್ತೆ ಇಳಿಯುತ್ತದೆ.

ಮೇಲೆ ಕ್ಲಾಯ್ಡ್ ಟ್ರೇನಿಂಗಿನಲ್ಲಿದ್ದ. ಅವನ ಶೂ ಸದ್ದು ನನ್ನ ತಲೆಯ ಮೇಲೆ.

ಮನೆಗೆ ಬಂದು ಡ್ಯಾಡಿಗೆ ಹೇಳಿದೆ. "ನಿನಗೆ ಎಂತ ಗೊತ್ತುಂಟು" ಅಂದರು. ಮತ್ತೆ ಕೇಳಿದರು, ಎಷ್ಟು ಖಾಲಿ ಉಂಟು? ತೋರಿಸಿದೆ, ಎರಡು ಕೈ ಅಗಲ ಮಾಡಿ. ಅವರು ನನ್ನ ಕೈಗಳನ್ನೇ ನೋಡಿದರು. ಯಾರಿಗೂ ಹೇಳಬೇಡ, ಮನೆ ಹೋಗುತ್ತದೆ, ಅಣ್ಣನ ಕೆಲಸ ಹೋಗುತ್ತದೆ, ಮದುವೆ ಹೋಗುತ್ತದೆ ಅಂದರು.

ಅಣ್ಣ ಹೋದರೆ? ಕೇಳಲಿಲ್ಲ. ಬಾಯಿಗೆ ಬಂದಿತ್ತು.

ಡಿಸೆಂಬರ್ 20

ಹತ್ತು ದಿನ ಬರೆಯಲಿಲ್ಲ. ಬರೆದರೆ ನಿಜ ಆಗುತ್ತದೆ ಅಂತ ಹೆದರಿಕೆ.

ಕ್ಲಾಯ್ಡಿಗೆ ಹೇಳಿದೆ. ನಂಬಲಿಲ್ಲ. ನೂರು ವರ್ಷ ನಿಂತದ್ದು ನಿನ್ನ ಕಣ್ಣು ಬಿದ್ದು ಬೀಳ್ತದಾ ಅಂದ. ಕೆಲಸ ಬಿಡು ಅಂದೆ. "ನಾನು ಕೆಲಸ ಬಿಡ್ತೇನೆ. ಲೊರ್ನಾಳ ಮನೆಗೆ ಹೋಗಿ ನೀನು ಹೇಳ್ತೀಯಾ?"

ಇವತ್ತು ಸೈಟಿನ ಎಂಜಿನಿಯರ್ ಪ್ರಖ್ಯಾತ್‌ನ ಹತ್ತಿರ ಹೋದೆ. ಕಾರ್ಕಳದವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ನಮ್ಮನ್ನೂ ನೀವು ಅಂತಾನೆ. ಮುಚ್ಚಳ ತೆಗೆದು ತೋರಿಸಿದೆ. ಇಳಿದ. ಮೇಲೆ ಬಂದವನೇ ಚಿಮ್ನಿಯಿಂದ ನಾಲ್ಕು ಹೆಜ್ಜೆ ದೂರ ಹೋಗಿ ನಿಂತ.

"ಎಷ್ಟು ತೆಗೆದಿದ್ದಾರೆ?"

"ಗೊತ್ತಿಲ್ಲ. ಲೈನಿನಲ್ಲಿ ಎಷ್ಟು ಮದುವೆ ಆಗಿದೆ ಅಂತ ಕೇಳಿ."

ಅವನಿಗೆ ಅರ್ಥ ಆಗಲಿಲ್ಲ. ಬಿಡಿಸಿ ಹೇಳಿದೆ. ಒಲೆ, ರೋಸ್, ಎಲ್ಲ. ಹೇಳಬಾರದಿತ್ತಾ? ಯಾರಿಗೂ ಹೇಳಬೇಡಿ, ನಾನು ಬಾಸ್ ಹತ್ರ ಮಾತಾಡ್ತೇನೆ, ಕೆಫೆಯ ಓಪನಿಂಗ್ ನಿಲ್ಲಿಸ್ತೇನೆ ಅಂದ. ಒಳ್ಳೆಯವನ ಹಾಗೆ ಕಂಡ. ಬಹುಶಃ ಒಳ್ಳೆಯವನೇ. ಅದರಿಂದ ಎಂತ ಪ್ರಯೋಜನ?

ಡಿಸೆಂಬರ್ 23

ಸುರಂಗದ ಮುಚ್ಚಳದ ಮೇಲೆ ಕಾಂಕ್ರೀಟ್ ಹಾಕಿದರು. ಒಳಗೆ ಎಂತದ್ದೂ ಕಟ್ಟಲಿಲ್ಲ, ತುಂಬಿಸಲಿಲ್ಲ. ನಾನು ಶೆಡ್ಡಿನಿಂದ ನೋಡುತ್ತಲೇ ಇದ್ದೆ. ಬರೀ ಮೇಲೆ ಹಾಕಿ ನಯ ಮಾಡಿದರು. ಒಣಗುವ ಮೊದಲೇ ಅದರ ಮೇಲೆ ದೊಡ್ಡ ಚಟ್ಟಿ, ಗಿಡ ಸಮೇತ.

ಚಿಮ್ನಿಯಲ್ಲಿ ಕಾಣುತ್ತಿದ್ದ ಒಂದು ಬಿರುಕಿಗೂ ಸಿಮೆಂಟ್ ಮೆತ್ತಿದರು. ಅದಕ್ಕೆ ಹಳೆಯ ಬಣ್ಣ ಬರಲಿ ಅಂತ ಚಾ ಹುಡಿ ಕುದಿಸಿದ ನೀರು ಹಚ್ಚಿದ್ದು ಯಾರು? ನಾನು. ಸೂಪರ್‌ವೈಸರ್ ಕೈಗೆ ಬ್ರಷ್ ಕೊಟ್ಟ. ಹಚ್ಚಿದೆ. ಹೇಳಿದ್ದು ಕೇಳುವ ನಾಯಿಯ ಹಾಗೆ ಹಚ್ಚಿದೆ.

ಡಿಸೆಂಬರ್ 27

ನಿನ್ನೆ ಬಿಲ್ಡರನ ಆಫೀಸಿನಿಂದ ಇಬ್ಬರು ಬಂದು ಎಲ್ಲ ಮನೆಗಳ ಬಚ್ಚಲಿಗೆ ನುಗ್ಗಿದರು. ಒಲೆಗಳ ಫೋಟೋ ತೆಗೆದರು. ಇವತ್ತು ನೋಟಿಸ್. ಕಾರ್ಖಾನೆಯ ಸೊತ್ತು ಕದ್ದಿದ್ದೀರಿ, ಜನವರಿ ಕೊನೆಗೆ ಮನೆ ಖಾಲಿ ಮಾಡಿ, ಇಲ್ಲದಿದ್ದರೆ ಪೊಲೀಸ್ ಕಂಪ್ಲೇಂಟ್. ಹಿಂದಿನ ಬ್ಲಾಕಿನ ಮನೆಯ ಮಾತೇ ಇಲ್ಲ.

ಹೇಳಿದ್ದು ನಾನು ಅಂತ ಎಲ್ಲರಿಗೂ ಗೊತ್ತಾಗಿದೆ. ಬಾವಿಕಟ್ಟೆಯಲ್ಲಿ ವಿನೋದಕ್ಕ ಕೊಡಪಾನ ಕೆಳಗಿಟ್ಟು ಹೇಳಿದರು, ಗಟ್ಟಿಯಾಗಿಯೂ ಅಲ್ಲ.

"ನೀನು ಅರ್ಧಕ್ಕೆ ಶಾಲೆ ಬಿಟ್ಟದ್ದು. ನಾವು ಶಾಲೆಯ ಮೆಟ್ಟಿಲೇ ಹತ್ತಿಲ್ಲ ಲವಿಟಾ. ಆದರೂ ಬಾಯಿ ಯಾವಾಗ ಮುಚ್ಚಬೇಕು ಅಂತ ನಮಗೆ ಗೊತ್ತುಂಟು."

ಅವರ ಮಗಳ ಮದುವೆಗೆ ನಾನೇ ಮದರಂಗಿ ಹಚ್ಚಿದ್ದೆ.

ಕ್ಲಾಯ್ಡಿನ ಕೆಲಸ ಮಾತ್ರ ಹೋಗಲಿಲ್ಲ. ಟ್ರೇನಿಂಗ್ ಆಗಿದೆ, ಓಪನಿಂಗಿನ ಕಾರ್ಡಿನಲ್ಲಿ ಅವನ ಫೋಟೋ ಪ್ರಿಂಟ್ ಆಗಿದೆ. ಮನೆಯವರು ಗಲಾಟೆ ಮಾಡಬಾರದು, ಅಷ್ಟೇ. ನನ್ನನ್ನು ತೆಗೆದು ಹಾಕಿದರು. ಒಂದು ಸರಕಾರಿ ಆಫೀಸಿಗೆ ಹೋಗಿ ಚಿಮ್ನಿಯ ವಿಷಯ ಹೇಳಿದೆ, ಯಾವುದು ಅಂತ ಬರೆಯುವುದಿಲ್ಲ. ಎಂಜಿನಿಯರ್ ಸರ್ಟಿಫಿಕೇಟ್ ಉಂಟಲ್ವಾ, ನಿಮ್ಮ ಓದು ಎಷ್ಟು ಅಂತ ಕೇಳಿದರು.

ಜನವರಿ 6

ನಾಳೆ ರೋಸ್. ಡ್ಯಾಡಿ ಹೊಸ ಒಲೆ ಕಿತ್ತು ಹಾಕಿದರು.

ಮಮ್ಮಿ ಅಕ್ಕಿ ಆರಿಸುತ್ತಿದ್ದವರು ಓಡಿ ಬಂದರು. ಡ್ಯಾಡಿ ಒಂದೊಂದೇ ಇಟ್ಟಿಗೆಯ ಗಾರೆ ಕೆರೆದು ಗೋಣಿಗೆ ಹಾಕಿದರು. ಹೊತ್ತುಕೊಂಡು ಹೊರಟರು. ನಾನು ಹಿಂದೆಯೇ ಹೋದೆ. ಚಿಮ್ನಿಯ ಬುಡಕ್ಕೆ ಹೋಗಿ ಚಟ್ಟಿಯ ಎದುರು ನಿಂತರು. ಇವರಿಗೆ ಕಾಂಕ್ರೀಟ್ ಹಾಕಿದ್ದು ಗೊತ್ತಿರಲಿಲ್ಲವಾ? ಗೊತ್ತಿತ್ತು. ನಾನೇ ಹೇಳಿದ್ದೆ. ಆದರೂ ಕಾಲಿನಲ್ಲಿ ನೆಲ ತಟ್ಟಿ ನೋಡಿದರು.

"ಎಲ್ಲಿ ಇಡುವುದು ಇದನ್ನು?" ನನ್ನನ್ನೇ ಕೇಳಿದರು.

ಸೆಕ್ಯುರಿಟಿ ಬಂದು ಓಡಿಸಿದ. ಡ್ಯಾಡಿ ಗೋಣಿಯನ್ನು ವಾಪಸ್ ಹೊತ್ತು ತಂದರು. ಇಷ್ಟು ದಿನ ಅವರ ಮೇಲೆ ಎಷ್ಟು ಸಿಟ್ಟು ಇಟ್ಟುಕೊಂಡಿದ್ದೆ. ಇವತ್ತು ಅದೂ ಉಳಿಯಲಿಲ್ಲ. ಸಿಟ್ಟಾದರೂ ಇರುತ್ತಿದ್ದರೆ.

ಜನವರಿ 9

ಮದುವೆ ಆಯಿತು. ರೋಸಿಗೆ ಗ್ಯಾಸಿನಲ್ಲೇ ನೀರು ಕಾಯಿಸಿದ್ದು. ಲೈನಿನಿಂದ ಬಂದದ್ದು ಭೋಜಣ್ಣ ಒಬ್ಬರೇ. ಲೊರ್ನಾ ಒಳ್ಳೆಯವಳು, ಗಟ್ಟಿ ನಗುತ್ತಾಳೆ. ಇವತ್ತು ಬೆಳಿಗ್ಗೆ ಅಂಗಳದಲ್ಲಿ ನಿಂತು ಚಿಮ್ನಿ ನೋಡಿ, "ಅಯ್ಯೋ ಎಷ್ಟು ಚಂದ ಉಂಟಲ್ವಾ" ಅಂದಳು.

ನಾನು ಒಳಗೆ ಹೋದೆ.

ಜನವರಿ 12

ಪ್ರಖ್ಯಾತ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಅವನನ್ನು ಕಾಪು ಬೀಚಿನ ಹತ್ತಿರದ ಸೈಟಿಗೆ ಹಾಕಿದ್ದಾರೆ. ಇವನೇ ಕೇಳಿಕೊಂಡು ಹೋದದ್ದು ಅಂತ ಕ್ಲಾಯ್ಡ್ ಹೇಳಿದ್ದ. ನನ್ನನ್ನು ನೋಡಿ ಮೊಬೈಲ್ ತೆಗೆದ. ನಾನು ಬಿಡಲಿಲ್ಲ. ಓಪನಿಂಗ್ ನಿಲ್ಲಿಸುತ್ತೇನೆ ಅಂದಿರಲ್ಲ?

ಬಾಸಿಗೆ ಹೇಳಿ ನೋಡಿದನಂತೆ. ಒಂದು ಸೀಸನ್ ಕಳೆಯಲಿ, ಮಳೆಗಾಲದಲ್ಲಿ ರಿಪೇರಿ ಮಾಡುವ ಅಂದರಂತೆ.

"ನೀವು ಬರ್ತೀರಾ ಓಪನಿಂಗಿಗೆ?" ಕೇಳಿದೆ.

"ಇಲ್ಲ."

"ಊಟ ಫ್ರೀ ಉಂಟಲ್ವಾ."

ಅವನು ನನ್ನ ಮುಖ ನೋಡಲಿಲ್ಲ. ಕೊನೆಗೆ, ತುಂಬಾ ಸಣ್ಣ ಸ್ವರದಲ್ಲಿ ಹೇಳಿದ. "ನಿಮ್ಮ ಅಣ್ಣನಿಗೆ ಹೊರಗಿನ ಟೇಬಲ್ ಕೇಳಲಿಕ್ಕೆ ಹೇಳಿ."

ಹೇಳಿದೆ. ಹೊರಗಿನ ಟೇಬಲಿಗೆ ಟಿಪ್ಸ್ ಇಲ್ಲ ಅಂದ ಕ್ಲಾಯ್ಡ್.

ಜನವರಿ 19, ಆದಿತ್ಯವಾರ, ಸಂಜೆ

ಓಪನಿಂಗ್. ಮಣಿಪಾಲದಿಂದ ಕಾರು ಮೇಲೆ ಕಾರು. ಲೈನಿಗೂ ಅವರಿಗೂ ನಡುವೆ ತಗಡು ಕಟ್ಟಿದ್ದಾರೆ, ನಮ್ಮ ಒಗೆದ ಬಟ್ಟೆ ಕಾಣಬಾರದಲ್ಲ. ಚಿಮ್ನಿಗೆ ಬುಡದಿಂದ ತುದಿಯ ತನಕ ಹಳದಿ ಲೈಟ್.

ಬೆಳಿಗ್ಗೆ ಕ್ಲಾಯ್ಡಿನ ಶೂ ಅಡಗಿಸಿ ಇಟ್ಟೆ. ಬಚ್ಚಲಿನ ಹಂಡೆಯ ಒಳಗೆ. ಹುಡುಕಿ ತೆಗೆದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ತಿಂಗಳ ಕೊನೆಗೆ ಎಲ್ಲರನ್ನೂ ಎಲ್ಲಿಗೆ ಕರಕೊಂಡು ಹೋಗಲಿ ಅಂತ ಕೇಳಿದ. ಬಾಡಿಗೆ ಮನೆಗೆ ಅವನ ಸಂಬಳ ಒಂದೇ ಇರುವುದು.

ಈಗ ಕ್ಲಾಯ್ಡಿನ ಒಂದು ಮೆಸೇಜ್ ಬಂತು. "ಮೇಲಿಂದ ಸ್ವಲ್ಪ ಹುಡಿ ಬೀಳ್ತಾ ಉಂಟು, ಸೂಪಿಗೆ. ಗೆಸ್ಟ್ ಫೋಟೋ ತೆಗೀತಾರೆ, ಆಂಬಿಯೆನ್ಸ್ ಅಂತೆ." ಮುಂದೆ ನಗುವ ಮುಖ.

ಡ್ಯಾಡಿಗೆ ಓದಿ ಹೇಳಿದೆ. ಅವರು ಎದ್ದರು. ಮೇಲಿಂದ ಹುಡಿ ಬೀಳುವುದೆಂದರೆ ಬುಡ ಕೂರುತ್ತಾ ಉಂಟು ಅಂದರು. ಅಂಗಿ ಕೂಡ ಹಾಕದೆ ಗೇಟಿಗೆ ಹೋಗಿದ್ದಾರೆ. ಅವರ ಸ್ವರ ಇಲ್ಲಿಗೆ ಕೇಳುತ್ತದೆ. ಇಟ್ಟಿಗೆ ಕಿತ್ತದ್ದು ನಾನು, ನಾನು, ನನ್ನನ್ನು ಪೊಲೀಸಿಗೆ ಕೊಡಿ, ಮೊದಲು ಅವರನ್ನು ಹೊರಗೆ ಕಳಿಸಿ ಅಂತ ಕೂಗುತ್ತಿದ್ದಾರೆ. ಒಳಗೆ ಮ್ಯೂಸಿಕ್ ಜೋರು. ಸೆಕ್ಯುರಿಟಿ ಬಿಡುತ್ತಿಲ್ಲ.

ಕ್ಲಾಯ್ಡ್ ಫೋನ್ ಎತ್ತುವುದಿಲ್ಲ. ಸರ್ವಿಸ್ ಟೈಮಲ್ಲಿ ಎತ್ತಬಾರದಂತೆ. ಮತ್ತೆ ಮಾಡಿದೆ. ಮತ್ತೆ. ರಿಂಗ್ ಆಗುವಷ್ಟು ಹೊತ್ತು ಸುಮ್ಮನೆ ಕೂರಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿರುವುದು. ಇನ್ನೊಂದು ಸಲ ಮಾಡುತ್ತೇನೆ. ಎತ್ತದಿದ್ದರೆ ತಗಡು ಹಾರಿ ಹೋಗುತ್ತೇನೆ, ಕಾಲರ್ ಹಿಡಿದು ಎಳೆದು ತರುತ್ತೇನೆ.

ಲೊರ್ನಾ ಬಾಗಿಲಲ್ಲಿ ನಿಂತು ಎಂತ ಆಯ್ತು ಅಂತ ಕೇಳುತ್ತಿದ್ದಾಳೆ. ಎಂತದ್ದೂ ಆಗಲಿಲ್ಲ ಅಂದೆ. ಇನ್ನೂ ಆಗಲಿಲ್ಲ.

ರಿಂಗ್ ಆಗುತ್ತಾ ಉಂಟು. ಚಿಮ್ನಿಯ ಲೈಟ್ ಹೋಯಿತು. ಉಳಿದದ್ದೆಲ್ಲ ಉರಿಯುತ್ತಿದೆ, ಚಿಮ್ನಿದ್ದು ಮಾತ್ರ—